ಡ್ರೋನ್ ಇಲ್ದೆ ಮೇಲಿಂದ ಹೇಗೆ ಬರೆದ್ರು?

ಪ್ರಶ್ನೆ: ಸಾರ್, ಮಗಳ ಮನೆಗೆ ಅಂತ ಓಹಾಯೋಗೆ ಹೋಗಿದ್ದಾಗ ಅಲ್ಲೊಂದು ಮ್ಯೂಸಿಯಂನಲ್ಲಿ ದೊಡ್ಡ ಪೆನ್ಸಿಲ್ ಚಿತ್ರ ನೋಡ್ದೆ. ಮನೆ, ಕೊಟ್ಟಿಗೆ, ಹೊಲ, ಹಸು ಎಲ್ಲಾ ಆಕಾಶದಿಂದ ನೋಡಿದ ಹಾಗಿದೆ, ಕೆಳಗೆ ಯಜಮಾನರ ಹೆಸರು, ಜೊತೆಗೊಂದು ನಂಬರ್ ಬೇರೆ. ಬರೆದವರು ಬ್ರೇಡರ್ ಅಂತಿತ್ತು. ಯಾರು ಇವರು? ಡ್ರೋನ್ ಇಲ್ದಿರೋ ಕಾಲದಲ್ಲಿ ಮೇಲಿಂದ ಹೇಗೆ ಬರೆದ್ರು?
– ಒಬ್ಬ ರಿಟೈರ್ಡ್ ಮೇಷ್ಟ್ರು, ತಿಪಟೂರು

ಉತ್ತರ: ಮೇಷ್ಟ್ರೇ, ಫರ್ಡಿನಾಂಡ್ ಬ್ರೇಡರ್ ಅಂತ, 1833ರಲ್ಲಿ ಸ್ವಿಟ್ಜರ್ಲೆಂಡಿನ ಕಾಲ್ಟ್‌ಬ್ರುನ್‌ನಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಬಂದು ಸುಮಾರು 1879ರಿಂದ ಮೊದಲು ಪೆನ್ಸಿಲ್ವೇನಿಯಾದಲ್ಲಿ, ಆಮೇಲೆ ಓಹಾಯೋದ ಸ್ಟಾರ್ಕ್, ಪೋರ್ಟೇಜ್ ಕೌಂಟಿಗಳ (ನಮ್ಮ ಜಿಲ್ಲೆ ಥರ) ಕಡೆ ಊರಿಂದೂರಿಗೆ ತಿರುಗಿಕೊಂಡು, ರೈತರ ಮನೇಲಿ ಉಳ್ಕೊಂಡು, ಅವರ ಹೊಲಮನೆ ಬರೆದುಕೊಟ್ಟು ಊಟ, ಜಾಗ, ಒಂದಿಷ್ಟು ದುಡ್ಡು ಅಂತ ಬದುಕಿದ ಮನುಷ್ಯ.

ಮೇಲಿಂದ ಹೇಗೆ ಅಂದ್ರೆ, ಕಾಲಲ್ಲಿ. ಹೊಲ ಪೂರ್ತಿ ಸುತ್ತಿ ನೋಡಿ ಆಮೇಲೆ ತಲೇಲಿ ಮೇಲಕ್ಕೆ ಹತ್ತೋದು ಅಷ್ಟೇ. ಈ ಥರ ಹಕ್ಕಿನೋಟದ ಚಿತ್ರ ಆಗ ಅಲ್ಲಿ ಫ್ಯಾಷನ್ನು, ಕೌಂಟಿ ಅಟ್ಲಾಸ್‌ಗಳಲ್ಲಿ ದುಡ್ಡು ಕೊಟ್ಟು ತಮ್ಮ ಫಾರ್ಮಿನ ಚಿತ್ರ ಹಾಕಿಸ್ಕೊಳ್ತಿದ್ರು. ಅಷ್ಟೊತ್ತಿಗೆ ಫೋಟೋನೂ ಬಂದಿತ್ತು, ಆದ್ರೆ ಕ್ಯಾಮೆರಾ ಇಟ್ರೆ ಎದುರಿಗಿರೋ ಮರದ ಹಿಂದೆ ಅರ್ಧ ಕೊಟ್ಟಿಗೆ ಮುಚ್ಚಿಹೋಗುತ್ತೆ, ರೈತ ಅದಕ್ಕೆ ಒಪ್ತಾನಾ? ಬ್ರೇಡರ್ ಆದ್ರೆ ಬೇಕಾದ್ದನ್ನೆಲ್ಲ ಕಾಣೋ ಹಾಗೆ ತಿರುಗಿಸಿ ಕೂರಿಸ್ತಾರೆ. ಲೆಕ್ಕದ ಪ್ರಕಾರ ನೋಡಿದ್ರೆ ಪರ್ಸ್ಪೆಕ್ಟಿವ್, ಅಂದ್ರೆ ದೂರ-ಹತ್ತಿರ ತೋರಿಸೋ ಅಳತೆ, ಅಲ್ಲಲ್ಲಿ ತಪ್ಪು, ನನಗಂತೂ ಆ ತಪ್ಪೇ ಇಷ್ಟ.

ಆ ಕಡೆ ಕೊಟ್ಟಿಗೆ ಅಂದ್ರೆ ನಮ್ಮದರ ಥರ ಅಲ್ಲ, ಜರ್ಮನ್ ಮೂಲದವರು ಇಳಿಜಾರಿಗೆ ಒತ್ತಿ ಕಟ್ಟಿದ ಎರಡಂತಸ್ತಿನದು, ಗುಡ್ಡದ ಕಡೆಯಿಂದ ಗಾಡಿ ಸೀದಾ ಮೇಲಿನ ಅಂತಸ್ತಿಗೇ ಹುಲ್ಲು ತಗೊಂಡು ಹೋಗುತ್ತೆ, ದನ ಎಲ್ಲಾ ಕೆಳಗೆ. ಎಷ್ಟೋ ಕಡೆ ಮನೆಗಿಂತ ಅದೇ ದೊಡ್ಡದು. ಮೂರ್ನಾಲ್ಕಡಿ ಅಗಲದ ಕಾಗದದಲ್ಲಿ ಬ್ರೇಡರ್ ಬೇಲಿ ಕಂಬ ಸಮೇತ ಬಿಡದೆ ಬರೀತಾರೆ, ಆಕಾಶದಲ್ಲಿ ಹಕ್ಕಿ ಹಿಂಡು, ದೂರದಲ್ಲಿ ರೈಲು.

ಇವರಿಗೆ ಸ್ವಂತ ಮನೆ ಇರ್ಲಿಲ್ಲ, ಚಳಿಗಾಲದಲ್ಲಿ ಕೌಂಟಿ ನಡೆಸ್ತಿದ್ದ ಬಡವರ ಆಶ್ರಮದಲ್ಲಿ ಇರ್ತಿದ್ರು. ಕೊನೆಗೆ ಊರಲ್ಲಿ ಆಸ್ತಿ ಪಾಲು ಬಂತು ಅಂತ ಸ್ವಿಟ್ಜರ್ಲೆಂಡಿಗೆ ವಾಪಸ್ ಹೋದ್ರು, 1901ರಲ್ಲಿ ತೀರಿಕೊಂಡ್ರು.

ಇನ್ನು ಆ ನಂಬರ್. ಅಂಗಡಿಯವರು ಬಿಲ್ಲಿಗೆ ಹಾಕೋ ಥರ ಚಿತ್ರಕ್ಕೆ ನಂಬರ್ ಹಾಕ್ತಾ ಹೋಗಿದ್ದಾರೆ, ಅದು 980ರವರೆಗೂ ಹೋಗಿದೆ. ಸಿಕ್ಕಿರೋದು ಹೆಚ್ಚುಕಮ್ಮಿ ನಾಲ್ಕರಲ್ಲೊಂದು ಪಾಲು. 2014ರಲ್ಲಿ ಓಹಾಯೋದ ಕ್ಯಾಂಟನ್ ಮ್ಯೂಸಿಯಂ ಆಫ್ ಆರ್ಟ್ ದೊಡ್ಡ ಪ್ರದರ್ಶನ ಮಾಡಿದಾಗ ಎಷ್ಟೋ ಚಿತ್ರ ಬಂದಿದ್ದು ಮನೆಗಳಿಂದಲೇ. ನಿಮ್ಮ ಮಗಳು ಆ ಕಡೆ ಹಳೇ ಫಾರ್ಮ್‌ಹೌಸ್ ಏನಾದ್ರೂ ತಗೊಂಡ್ರೆ ಮೊದಲು ಅಟ್ಟ ಹತ್ತಿ ನೋಡೋಕೆ ಹೇಳಿ.