ಯುದ್ಧಕಾಲದ ಅಪ್ಪ-ಮಕ್ಕಳ ಕಾರ್ಡುಗಳು: ಲ್ಯಾಮಿನೇಟ್ ಬೇಡ, ಮೊದಲು ಹಿಂದೆ ತಿರುಗಿಸಿ ನೋಡಿ

ಮೇಡಂ, ಪ್ರದರ್ಶನದಲ್ಲಿ ಕೊಂಡ ಹನ್ನೊಂದು ಹಳೆಯ ಚಿತ್ರದ ಅಂಚೆ ಕಾರ್ಡುಗಳ ಫೋಟೋ ಹಾಕಿ ಮೂರು ಪ್ರಶ್ನೆ ಕೇಳಿದ್ದೀರಿ. ಚಿತ್ರದಲ್ಲಿರುವವರು ನಿಜವಾದ ಅಪ್ಪ-ಮಗಳೇ? ಯಾವ ವರ್ಷದವು? ಲ್ಯಾಮಿನೇಟ್ ಮಾಡಿಸಬಹುದಾ? ಕೊನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ದಯವಿಟ್ಟು ಬೇಡ. ಒಮ್ಮೆ ಮಾಡಿಸಿದರೆ ಮತ್ತೆ ಬಿಡಿಸಲು ಆಗುವುದಿಲ್ಲ.

ಇವು ಮೊದಲ ಮಹಾಯುದ್ಧದ ಕಾಲದವು. ಹಾಸಿಗೆ ಪಕ್ಕ ಮೊಣಕಾಲೂರಿ ಕೈ ಮುಗಿದ ಹುಡುಗಿ, ಮೇಲೆ ಮೋಡದಲ್ಲಿ ಸಮವಸ್ತ್ರದ ಅಪ್ಪ. ಇದು ಸ್ಟುಡಿಯೋದಲ್ಲಿ ತೆಗೆದು, ಎರಡು ಫೋಟೋ ಜೋಡಿಸಿ, ಮೇಲೆ ಬಣ್ಣ ಹಾಕಿದ ಚಿತ್ರ. ಇಬ್ಬರೂ ರೂಪದರ್ಶಿಗಳು. ಜಾಸ್ತಿ ಕಾರ್ಡು ನೋಡುತ್ತಾ ಹೋದರೆ ಅದೇ ಹುಡುಗಿ ಬೇರೆ ‘ಅಪ್ಪ’ನ ಜೊತೆ ಸಿಗುತ್ತಾಳೆ. ಇಂಗ್ಲೆಂಡಿನಲ್ಲಿ ಯಾರ್ಕ್‌ಷೈರಿನ ಹೋಮ್‌ಫರ್ತ್ ಊರಿನ ಬ್ಯಾಮ್‌ಫೋರ್ತ್ ಕಂಪನಿ ಇಂಥವನ್ನು ರಾಶಿರಾಶಿ ಮಾಡಿತು. ಚಿತ್ರ ಬರೆದ ಪರದೆಯ ಮುಂದೆ ಊರಿನವರನ್ನೇ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಹಾಡಿನ ಸಾಲಿರುವ ಕಾರ್ಡುಗಳಾದರೆ ಒಂದೊಂದು ಚರಣಕ್ಕೆ ಒಂದೊಂದು ಕಾರ್ಡು, ಮೂರು ನಾಲ್ಕರ ಸೆಟ್. ನಂಬರಿನ ಪಕ್ಕ ಗೀಟು ಹಾಕಿ 1, 2, 3 ಅಂತ ಇದ್ದರೆ ಅದು ಸೆಟ್ಟಿನ ಗುರುತು.

ವರ್ಷ ಪತ್ತೆಮಾಡಲು ಬಟ್ಟೆ ನೋಡಿ. ಫ್ರೆಂಚ್ ಸೈನಿಕನಿಗೆ ಕೆಂಪು ಪ್ಯಾಂಟು ಇದ್ದರೆ ಯುದ್ಧದ ಮೊದಲ ತಿಂಗಳುಗಳ ಚಿತ್ರ. ತಿಳಿ ನೀಲಿ ಸಮವಸ್ತ್ರ, ಉಕ್ಕಿನ ಹೆಲ್ಮೆಟ್ ಇದ್ದರೆ 1915 ಅಥವಾ ಆಮೇಲಿನದು. ನಿಮ್ಮ ಏಳನೆಯ ಕಾರ್ಡಿನಲ್ಲಿ ಅಪ್ಪ ರಜೆಗೆ ಬಂದು ಮಗುವನ್ನು ಎತ್ತಿಕೊಂಡಿದ್ದಾನೆ. ಫ್ರೆಂಚ್ ಸೈನಿಕರಿಗೆ ಸರದಿ ಪ್ರಕಾರ ರಜೆ ಶುರುವಾದದ್ದು 1915ರ ಜುಲೈಯಲ್ಲಿ. ಹಾಗಾಗಿ ಅದು ಅದಕ್ಕೂ ಹಿಂದಿನದು ಇರಲಾರದು. ಜರ್ಮನ್ ಕಾರ್ಡಿನಲ್ಲಿ ಮೊನಚು ತುದಿಯ ಟೋಪಿ ಹೋಗಿ ಉಕ್ಕಿನ ಹೆಲ್ಮೆಟ್ ಬಂದಿದ್ದು 1916ರಲ್ಲಿ.

ಈಗ ಕಾರ್ಡು ತಿರುಗಿಸಿ. ನನಗೆ ಬಹಳ ಮುಖ್ಯವಾದ ಭಾಗ ಇದು. ಸೈನಿಕ ಮನೆಗೆ ಕಳಿಸಿದ್ದಕ್ಕೆ ಸ್ಟಾಂಪು ಬೇಕಿರಲಿಲ್ಲ. ಬ್ರಿಟಿಷ್ ಕಾರ್ಡಿನ ಮೇಲೆ ಸೇನಾ ಅಂಚೆ ಮುದ್ರೆ, ಸೆನ್ಸಾರ್ ಮುದ್ರೆ, ಪಕ್ಕದಲ್ಲಿ ಅಧಿಕಾರಿಯ ಸಹಿ ಇರುತ್ತದೆ. ಇಂಗ್ಲೆಂಡಿನ ಮಗು ಅಪ್ಪನಿಗೆ ಕಳಿಸಿದ್ದಾದರೆ ಅರ್ಧ ಪೆನ್ನಿಯ ಹಸಿರು ಸ್ಟಾಂಪು ಇರಬೇಕು. 1918ರ ಜೂನ್ ನಂತರ ಅದು ಒಂದು ಪೆನ್ನಿ ಆಯಿತು.

ಮಗು ಅಪ್ಪನಿಗೆ ಕಳಿಸಿದ ಅಂಥ ಕಾರ್ಡು ನನ್ನ ಹತ್ತಿರ ಒಂದಿದೆ. ಯಾರೋ ದೊಡ್ಡವರು ಪೆನ್ಸಿಲಿನಿಂದ ಗೆರೆ ಎಳೆದುಕೊಟ್ಟಿದ್ದಾರೆ, ಆಮೇಲೆ ಅಳಿಸಿದ್ದಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಆ ಗೆರೆ ಇನ್ನೂ ಕಾಣುತ್ತದೆ. ಅಕ್ಷರಗಳು ಗೆರೆ ಬಿಟ್ಟು ಮೇಲೆ ಹತ್ತಿವೆ. ಕೊನೆಯಲ್ಲಿ ಅಪ್ಪನಿಗೆ ಕೊಡುವ ಒಂದೊಂದು ಮುತ್ತಿನ ಲೆಕ್ಕಕ್ಕೆ ಒಂದೊಂದು ಇಂಟು (X) ಗುರುತು ಹಾಕುತ್ತಾ ಹೋಗಿ, ಜಾಗ ಮುಗಿದು, ವಿಳಾಸದ ಕಡೆಗೂ ನುಗ್ಗಿದೆ. ನಾಲ್ಕೂ ಮೂಲೆ ಸವೆದು ದುಂಡಗಾಗಿವೆ, ಕಾರ್ಡು ಸ್ವಲ್ಪ ಬಾಗಿದೆ. ಜೇಬಿನಲ್ಲಿ ಬಹಳ ದಿನ ಇಟ್ಟುಕೊಂಡ ಕಾರ್ಡು ಹೀಗಿರುತ್ತದೆ. ‘ಅಂಚು ಹಾಳಾಗಿದೆ’ ಅಂತ ವ್ಯಾಪಾರಿ ಕಡಿಮೆ ಬೆಲೆಗೆ ಕೊಟ್ಟರು. ನನಗೆ ಅದೇ ಬೇಕಿತ್ತು. ನನ್ನ ಅಪ್ಪನೂ ಸೇನೆಯಲ್ಲಿದ್ದರು. ‘56 ಎಪಿಒ’ (ಸೇನಾ ಅಂಚೆ ಕಚೇರಿ) ಅಂತ ವಿಳಾಸ ಬರೆಯುತ್ತಿದ್ದೆ, ಊರಿನ ಹೆಸರೇ ಇರುತ್ತಿರಲಿಲ್ಲ. ಅಮ್ಮ ಇನ್‌ಲ್ಯಾಂಡ್ ಲೆಟರಿನ ಕೆಳಗಿನ ಮಡಿಕೆ ನನಗೆ ಅಂತ ಬಿಡುತ್ತಿದ್ದರು.

ಇಡುವ ವಿಷಯ. ಹಿಂದೆ ನೇರಳೆ ಬಣ್ಣದ ಬರಹ ಇದೆಯಲ್ಲ, ಅದು ಕಾಪಿಯಿಂಗ್ ಪೆನ್ಸಿಲ್. ಒಣಗಿದ್ದಾಗ ಬೂದು, ನೀರು ತಾಗಿದರೆ ನೇರಳೆ ಹರಡುತ್ತದೆ. ಒದ್ದೆ ಬಟ್ಟೆ ತಾಗಿಸಲೇಬೇಡಿ, ಧೂಳಿದ್ದರೆ ಮೆತ್ತನೆ ಬ್ರಷ್ ಸಾಕು. ಹೊಳೆಯುವ ಫೋಟೋ ಕಾರ್ಡುಗಳ ಮೇಲಿರುವುದು ಜೆಲಾಟಿನ್ ಪದರ. ನಮ್ಮ ಮಳೆಗಾಲದ ತೇವಕ್ಕೆ ಅದು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಎಳೆದರೆ ಹುಡುಗಿಯ ಮುಖವೇ ಕಿತ್ತು ಬರುತ್ತದೆ. ಘಾಟು ವಾಸನೆಯ ಪಿವಿಸಿ ಆಲ್ಬಂ ಬೇಡ. ಆಸಿಡ್ ಇಲ್ಲದ ಕಾಗದದ ಕವರಿನಲ್ಲಿ ಒಂದೊಂದನ್ನೇ ಹಾಕಿ, ಡಬ್ಬಿಯಲ್ಲಿ ನಿಲ್ಲಿಸಿಡಿ. ಗೋಡೆಗೆ ತಾಗಿದ ಬೀರುವಿನಲ್ಲಿ ಬೇಡ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ತಿಂಗಳಿಗೊಮ್ಮೆ ನೋಡಿ ಬದಲಿಸಿ.

ರೇಷ್ಮೆ ಕಸೂತಿಯ ಎರಡು ಕಾರ್ಡುಗಳನ್ನು ಬೇರೆ ಇಡಿ, ಮೇಲೆ ಭಾರ ಹೇರಬೇಡಿ. ಅವು ಫ್ರಾನ್ಸಿನಲ್ಲಿ ತಯಾರಾಗಿ ಸೈನಿಕರಿಗೆ ಮಾರಾಟವಾಗುತ್ತಿದ್ದವು. ಲಕೋಟೆಯೊಳಗೆ ಹಾಕಿ ಕಳಿಸುತ್ತಿದ್ದರಿಂದ ಹಿಂದೆ ವಿಳಾಸ, ಮುದ್ರೆ ಇಲ್ಲದಿದ್ದರೆ ನಕಲಿ ಅಂತ ಅನುಮಾನಪಡಬೇಡಿ. ರೇಷ್ಮೆಯ ಮಡಿಕೆ ಜೇಬಿನ ಹಾಗೆ ತೆರೆಯುತ್ತಿದ್ದರೆ ಒಳಗೆ ಚಿಕ್ಕದೊಂದು ಕಾರ್ಡು ಇರಬಹುದು, ಮೆಲ್ಲಗೆ ನೋಡಿ.

ಇನ್ನೊಂದು ಮಾತು. ನಿಮ್ಮ 3, 4, 5, 9ನೆಯ ಕಾರ್ಡು ನಾಲ್ಕಕ್ಕೂ ಒಂದೇ ವಿಳಾಸ, ಒಂದೇ ಕೈಬರಹ ಕಾಣುತ್ತಿದೆ. ಬಿಡಿಬಿಡಿಯಾಗಿ ಮಾರಿದರೆ ಜಾಸ್ತಿ ಸಿಗುತ್ತದೆ ಅಂತ ಯಾರೋ ನಿಮ್ಮ ಪ್ರಶ್ನೆಗೆ ಉತ್ತರವಾಗಿ ಬರೆದಿದ್ದಾರೆ. ದಯವಿಟ್ಟು ಆ ನಾಲ್ಕನ್ನು ಬೇರೆ ಮಾಡಬೇಡಿ. ನೂರು ವರ್ಷ ಒಟ್ಟಿಗೆ ಬಂದಿವೆ. ದಿನಾಂಕದ ಪ್ರಕಾರ ಜೋಡಿಸಿ, ಎರಡೂ ಬದಿ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಡಿ. 9ನೆಯದರ ಹಿಂಬದಿ ಮಸುಕಾಗಿದೆ. ಬೆಳಗಿನ ಹೊತ್ತು ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಹಾಗೆ ಇಟ್ಟು ಇನ್ನೊಂದು ಫೋಟೋ ತೆಗೆದು ಇಲ್ಲೇ ಹಾಕಿ. ಒಟ್ಟಿಗೆ ಕೂತು ಓದೋಣ.