ವಿಮೆಯ ಕಾಗದದಲ್ಲಿ ‘ಎನ್ 43.3’

ಪ್ರಶ್ನೆ: ತಂದೆಯವರ ವೃಷಣಚೀಲದ ಊತಕ್ಕೆ ಮುಂಬೈಯ ಆಸ್ಪತ್ರೆಯೊಂದರಲ್ಲಿ ತೋರಿಸಿದಾಗ, ವಿಮೆಯ ಕಾಗದದಲ್ಲಿ ‘ಎನ್ 43.3’ ಎಂದು ಬರೆದರು. ಇದು ಕ್ಯಾನ್ಸರಿನ ಗುರುತೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 10ನೇ ಪರಿಷ್ಕರಣೆಯಲ್ಲಿ ಪುರುಷ ಜನನಾಂಗದ ಕಾಯಿಲೆಗಳಿಗೆ ಎನ್ 40ರಿಂದ 51ರವರೆಗಿನ ಸಂಕೇತಗಳಿದ್ದು, ಎನ್ 43.3 ಎಂದರೆ ವೃಷಣದ ಸುತ್ತ ನೀರು ತುಂಬುವ ಹೈಡ್ರೋಸೀಲ್; ಅದರ ಬಗೆಯನ್ನು ನಿರ್ದಿಷ್ಟವಾಗಿ ನಮೂದಿಸಿಲ್ಲ, ಅಷ್ಟೇ. ಕ್ಯಾನ್ಸರಿನ ಸಂಕೇತವಾಗಿದ್ದರೆ ಅದು ಸಿ 60ರಿಂದ 63ರೊಳಗೆ ಇರುತ್ತಿತ್ತು. ಅದೇ ಚೀಲದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್ ಮಾತ್ರ ರಕ್ತಪರಿಚಲನೆಯ ಅಧ್ಯಾಯಕ್ಕೆ ಸೇರಿ ಐ 86.1 ಆಗುತ್ತದೆ. ಇವುಗಳಲ್ಲಿ ನಿಜಕ್ಕೂ ತುರ್ತಿನದು ಎನ್ 44, ವೃಷಣ ತಿರುಚಿಕೊಳ್ಳುವುದು. ಹಠಾತ್ತನೆ ತೀವ್ರ ನೋವು ಬಂದರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು. ತಂದೆಯವರಿಗೆ ಸೋನೋಗ್ರಫಿ ಆಗಿರದಿದ್ದರೆ ದಯವಿಟ್ಟು ಮಾಡಿಸಿ, ಏಕೆಂದರೆ ನೀರಿನ ಹಿಂದಿರುವ ವೃಷಣದ ಸ್ಥಿತಿಯನ್ನು ಸಂಕೇತವು ತಿಳಿಸುವುದಿಲ್ಲ.