'ಸೆವೆನ್ ಇಯರ್ ಇಚ್' ಮೊದಲು ಹಾಕಬೇಡಿ ಮೇಡಂ

ಮೇಡಂ, ನಿಮ್ಮ ಪಟ್ಟಿ ನೋಡಿದೆ. ಐದಾರು ಜೋಡಿಗಳನ್ನು ಮನೆಗೆ ಕರೆದು ವಾರಕ್ಕೊಂದು ಹಳೆಯ ಗಂಡ-ಹೆಂಡತಿ ಕಾಮಿಡಿ ತೋರಿಸುತ್ತೇನೆ, ಶನಿವಾರ 'ದಿ ಸೆವೆನ್ ಇಯರ್ ಇಚ್'ನಿಂದ ಶುರು, ಮರ್ಲಿನ್ ಮನ್ರೋ ಇರುವುದರಿಂದ ಎಲ್ಲರಿಗೂ ಹಿಡಿಸುತ್ತದೆ ಎಂದು ಬರೆದಿದ್ದೀರಿ. ಇದನ್ನೇ ನಾನೂ ಮಾಡಿದ್ದೆ. ಇದೇ ಕಾರಣ ಹೇಳಿಕೊಂಡೇ ಮಾಡಿದ್ದೆ. ದಯವಿಟ್ಟು ಬೇಡ.

ನನ್ನ ಮನೆಗೆ ಅವತ್ತು ಹನ್ನೆರಡು ಜನ ಬಂದಿದ್ದರು. ಮೊದಲ ಅರ್ಧ ಗಂಟೆ ಚೆನ್ನಾಗಿ ನಕ್ಕರು. ಆಮೇಲೆ ನಗು ನಿಂತು ಕಾಯುವುದು ಶುರುವಾಯಿತು. ಹೆಂಡತಿ ಮಗು ಊರಿಗೆ ಹೋಗಿದ್ದಾರೆ, ಮೇಲಿನ ಮನೆಯಲ್ಲಿ ಹುಡುಗಿ ಇದ್ದಾಳೆ, ಈಗ ಏನಾಗುತ್ತದೆ ಎಂದು ಎಲ್ಲರೂ ಕಾದರು. ಕೊನೆಯವರೆಗೂ ಏನೂ ಆಗುವುದಿಲ್ಲ. "ಇಷ್ಟೇನಾ?" ಎಂದು ಒಬ್ಬರು ಕೇಳಿದರು. ಮುಂದಿನ ವಾರ ನಾಲ್ಕು ಜನ ಬಂದರು. ಅದರ ಮುಂದಿನ ವಾರಕ್ಕೆ ನಾನೇ ಕರೆಯಲಿಲ್ಲ.

ತಪ್ಪು ನೋಡಿದವರದ್ದಲ್ಲ. ಜಾರ್ಜ್ ಆಕ್ಸೆಲ್‌ರಾಡ್ ಬರೆದ ಮೂಲ ನಾಟಕದಲ್ಲಿ ಅವರಿಬ್ಬರ ನಡುವೆ ಸಂಬಂಧ ನಡೆದೇ ನಡೆಯುತ್ತದೆ. ಆಮೇಲೆ ಆ ಗಂಡ ಪಾಪಪ್ರಜ್ಞೆಯಲ್ಲಿ ಒದ್ದಾಡುತ್ತಾನೆ, ತಮಾಷೆ ಇರುವುದೇ ಆ ಒದ್ದಾಟದಲ್ಲಿ. 1955ರ ಚಿತ್ರಕ್ಕೆ ಪ್ರೊಡಕ್ಷನ್ ಕೋಡ್, ಅಂದರೆ ಹಾಲಿವುಡ್ ತನಗೆ ತಾನೇ ಹಾಕಿಕೊಂಡ ಸೆನ್ಸಾರ್ ನಿಯಮಾವಳಿ, ಅಡ್ಡ ಬಂತು. ಸಂಬಂಧದ ಸುಳಿವಾಗಿ ಹಾಸಿಗೆಯಲ್ಲಿ ಒಂದು ಹೇರ್‌ಪಿನ್ ಸಿಕ್ಕರೆ ಸಾಕು ಎಂದು ನಿರ್ದೇಶಕ ಬಿಲ್ಲಿ ವೈಲ್ಡರ್‌ಗೆ ಆಸೆಯಿತ್ತು, ಅದೂ ಆಗಲಿಲ್ಲ. ಹಾಗಾಗಿ ಮಾಡದ ತಪ್ಪಿಗೆ ಗಂಡನ ಪಾತ್ರದ ಟಾಮ್ ಯೂವೆಲ್ ನೂರೈದು ನಿಮಿಷ ಬೆವರುತ್ತಾನೆ. ಕೋಡ್ ಏನು ಕಿತ್ತುಕೊಂಡಿತು ಅಂತ ಗೊತ್ತಿದ್ದವರಿಗೆ ಅದು ಬಹಳ ಸೊಗಸು. ಗೊತ್ತಿಲ್ಲದವರಿಗೆ ಖಾಲಿ ಖಾಲಿ. ಇನ್ನೊಂದು, ಎಲ್ಲರೂ ಕಾಯುವ, ಮನ್ರೋಳ ಬಿಳಿ ಫ್ರಾಕು ಗಾಳಿಗೆ ಹಾರುವ ಆ ಪೂರ್ತಿ ಭಂಗಿ ಇರುವುದು ಪ್ರಚಾರದ ಫೋಟೋಗಳಲ್ಲಿ. ಚಿತ್ರದಲ್ಲಿ ಕಾಲು, ಆಮೇಲೆ ಮುಖ, ಮುಗಿಯಿತು.

ನನ್ನ ಪ್ರಿಂಟೂ ಕೆಟ್ಟದ್ದಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇದು ಸಿನಿಮಾಸ್ಕೋಪ್, 2.55:1, ಅಂದರೆ ಎತ್ತರದ ಎರಡೂವರೆ ಪಟ್ಟು ಅಗಲದ ಪರದೆ. ನನ್ನ ಹತ್ತಿರ ಇದ್ದದ್ದು ಹಳೇ ಟೀವಿ ಅಳತೆಗೆ ಕತ್ತರಿಸಿದ ಕಾಪಿ. ಅಂದರೆ ಹತ್ತಿರ ಹತ್ತಿರ ಅರ್ಧ ಚಿತ್ರವೇ ಇರಲಿಲ್ಲ. ಸೋಫಾದ ಈ ತುದಿಯಲ್ಲಿ ಅವನು, ಆ ತುದಿಯಲ್ಲಿ ಅವಳು, ನಡುವೆ ಇರುವ ಜಾಗವೇ ಜೋಕು. ಅದನ್ನೇ ಕತ್ತರಿಸಿದರೆ ಉಳಿಯುವುದೇನು? ನಿಮ್ಮ ಕಾಪಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಎಸೆಯಿರಿ.

ಮೊದಲ ಚಿತ್ರ 'ದಿ ಆಫುಲ್ ಟ್ರೂತ್' ಆಗಲಿ. 1937, ನಿರ್ದೇಶನ ಲಿಯೋ ಮೆಕ್‌ಕ್ಯಾರಿ, ತೊಂಬತ್ತು ನಿಮಿಷ ಚಿಲ್ಲರೆ. ನಾನು ಒಂದು ವರ್ಷ ಬಿಟ್ಟು ಮತ್ತೆ ಶುರು ಮಾಡಿದಾಗ ಇದನ್ನೇ ಹಾಕಿದೆ, ಆ ಮೇಲೆ ಯಾರೂ ತಪ್ಪಿಸಲಿಲ್ಲ. ಕ್ಯಾರಿ ಗ್ರಾಂಟ್ ಫ್ಲೋರಿಡಾಕ್ಕೆ ಹೋಗಿದ್ದೆ ಎಂದು ದೀಪದ ಕೆಳಗೆ ಮೈ ಕಂದಿಸಿಕೊಂಡು ಬರುತ್ತಾನೆ. ಹೆಂಡತಿಗೆ ತಂದ ಕಿತ್ತಳೆಯ ಮೇಲೆ ಕ್ಯಾಲಿಫೋರ್ನಿಯಾ ಅಂತ ಮುದ್ರೆ ಇರುತ್ತದೆ. ಹೆಂಡತಿ ಐರಿನ್ ಡನ್ ರಾತ್ರಿಯೆಲ್ಲ ಹೊರಗಿದ್ದು ಸಂಗೀತದ ಮೇಷ್ಟ್ರ ಜೊತೆ ಮನೆಗೆ ಬರುತ್ತಾಳೆ, ಕಾರು ಕೆಟ್ಟಿತ್ತಂತೆ. ಅವನು ಎಲ್ಲಿದ್ದ, ಅವಳು ಏನು ಮಾಡಿದಳು, ಎರಡನ್ನೂ ಚಿತ್ರ ತೋರಿಸುವುದೇ ಇಲ್ಲ. ಅದೇ ಕೋಡ್ ಇಲ್ಲೂ ಇತ್ತು, 1934ರಿಂದಲೇ ಬಿಗಿಯಾಗಿತ್ತು. ಆದರೆ ಇಲ್ಲಿ ಯಾರಿಗೂ ಏನೋ ಕಳೆದುಕೊಂಡಂತೆ ಅನ್ನಿಸುವುದಿಲ್ಲ. ಯಾಕೆಂದರೆ ಚಿತ್ರ ಇರುವುದು ಮೋಸದ ಬಗ್ಗೆ ಅಲ್ಲ, ಅನುಮಾನದ ಬಗ್ಗೆ.

ಇಲ್ಲಿ ನನ್ನ ಒಂದು ಪದ್ಧತಿ ಹೇಳುತ್ತೇನೆ. ಬಾಗಿಲು ನೋಡಿ. ಈ ಜಾತಿಯ ಚಿತ್ರಗಳಲ್ಲಿ ಹಾಸಿಗೆಯಲ್ಲಿ ನಡೆಯುವುದನ್ನು ತೋರಿಸುವಂತಿರಲಿಲ್ಲ, ಹಾಗಾಗಿ ಎಲ್ಲ ಕೆಲಸವನ್ನೂ ಬಾಗಿಲು ಮಾಡುತ್ತದೆ. ಯಾರು ಒಳಗೆ, ಯಾರು ಹೊರಗೆ, ಯಾರು ತಟ್ಟುತ್ತಾರೆ, ಯಾರು ಚಿಲಕ ಹಾಕುತ್ತಾರೆ. 'ಆಫುಲ್ ಟ್ರೂತ್' ಕೊನೆಯ ಭಾಗದಲ್ಲಿ ಇರುವುದು ಎರಡು ಕೋಣೆ, ನಡುವೆ ಸರಿಯಾಗಿ ಮುಚ್ಚದ ಒಂದು ಬಾಗಿಲು, ಗಾಳಿ, ಒಂದು ಬೆಕ್ಕು. ಆ ಮಧ್ಯರಾತ್ರಿಗೆ ಅವರಿಬ್ಬರ ವಿಚ್ಛೇದನ ಪಕ್ಕಾ ಆಗುತ್ತದೆ. ಗೋಡೆಯ ಮೇಲಿನ ಗಡಿಯಾರದ ಎರಡು ಬೊಂಬೆಗಳನ್ನು ಕೊನೆವರೆಗೂ ಗಮನಿಸಿ, ಇನ್ನು ಜಾಸ್ತಿ ಹೇಳುವುದಿಲ್ಲ. ಆ ಕೊನೆಯ ಭಾಗವನ್ನು ಮೊದಲು ನೀವೊಬ್ಬರೇ ಶಬ್ದ ಆರಿಸಿ ನೋಡಿ. ಒಂದು ಮಾತು ಕೇಳದೆಯೂ ಅವರಿಬ್ಬರ ಮನಸ್ಸು ಪೂರ್ತಿ ಗೊತ್ತಾಗುತ್ತದೆ. ಇದಾದ ಮೇಲೆ 'ಸೆವೆನ್ ಇಯರ್ ಇಚ್' ನೋಡಿದರೆ ಬೇರೆಯೇ ಕಾಣುತ್ತದೆ. ಎರಡು ಮನೆಗಳ ನಡುವಿನ ಮೆಟ್ಟಿಲನ್ನು ಹಲಗೆ ಹೊಡೆದು ಮುಚ್ಚಿರುತ್ತಾರೆ, ಹುಡುಗಿ ಸುತ್ತಿಗೆಯಿಂದ ಮೊಳೆ ಕಿತ್ತು ಇಳಿದು ಬರುತ್ತಾಳೆ. ಅವತ್ತು ನನ್ನ ಮನೆಯಲ್ಲಿ ಆ ದೃಶ್ಯಕ್ಕೆ ಯಾರೂ ನಗಲಿಲ್ಲ. ಬಾಗಿಲು ನೋಡುವುದನ್ನು ನಾನು ಅವರಿಗೆ ಕಲಿಸಿರಲಿಲ್ಲವಲ್ಲ.

ಬಾಗಿಲಿನ ಮೇಷ್ಟ್ರು ನಿರ್ದೇಶಕ ಅರ್ನ್ಸ್ಟ್ ಲುಬಿಚ್. 'ದಿ ಮ್ಯಾರೇಜ್ ಸರ್ಕಲ್', 1924, ಮೂಕಿ. ಶುರುವಿನಲ್ಲೇ ಗಂಡನ ಪಾತ್ರದ ಅಡಾಲ್ಫ್ ಮೆಂಜೂನ ಕಾಲುಚೀಲದಲ್ಲಿ ತೂತು. ಅವನ ಡ್ರಾಯರ್ ಖಾಲಿ, ಹೆಂಡತಿಯದ್ದು ತುಂಬಿ ತುಳುಕುತ್ತಿದೆ. ಮದುವೆ ಹೇಗಿದೆ ಅಂತ ಬೇರೆ ಹೇಳಬೇಕಾ? ಆದರೆ ಮೂಕಿ ಅಭ್ಯಾಸವಿಲ್ಲದವರಿಗೆ ಮೂರನೇ ವಾರಕ್ಕೆ ಮುಂಚೆ ಬೇಡ. ಇದೇ ಕಥೆಯನ್ನು ಅವರು 1932ರಲ್ಲಿ ಹಾಡುಗಳ ಜೊತೆ 'ಒನ್ ಅವರ್ ವಿತ್ ಯೂ' ಎಂದು ಮತ್ತೆ ಮಾಡಿದರು. ಪ್ರೀ-ಕೋಡ್, ಅಂದರೆ ಕೋಡ್ ಬಿಗಿಯಾಗುವ ಮುಂಚಿನದ್ದು, ಆದ್ದರಿಂದ ಸ್ವಲ್ಪ ಧೈರ್ಯ ಜಾಸ್ತಿ. 'ಮ್ಯಾರೇಜ್ ಸರ್ಕಲ್'ಗಿಂತ ಮೊದಲು ಅದನ್ನೇ ಹಾಕಿದರೂ ನಡೆಯುತ್ತದೆ.

ನಿಮ್ಮ ಪಟ್ಟಿಯ ಉಳಿದವುಗಳ ಬಗ್ಗೆ. 'ದಿ ಪಾಮ್ ಬೀಚ್ ಸ್ಟೋರಿ' ಒಳ್ಳೆಯ ಆಯ್ಕೆ. ಆದರೆ ತಡವಾಗಿ ಬಂದವರಿಗೆ ಬಾಗಿಲು ತೆಗೆಯಲು ಏಳಬೇಡಿ. ಟೈಟಲ್ ಓಡುವಾಗ ನಡೆಯುವ ಗಲಿಬಿಲಿಯ ಉತ್ತರ ಕೊನೆಯ ದೃಶ್ಯದಲ್ಲಿದೆ. 'ದಿ ಫಿಲಡೆಲ್ಫಿಯಾ ಸ್ಟೋರಿ'ಯಲ್ಲಿ ತನ್ನ ಚಪಲಕ್ಕೆ ಮಗಳನ್ನೇ ಹೊಣೆ ಮಾಡುವ ಅಪ್ಪನ ಮಾತು ಬರುತ್ತದೆ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಮಾತಿಗೆ ಚಿತ್ರ ಅವನ ಪರವೇ ನಿಲ್ಲುತ್ತದೆ. ತೋರಿಸಿ, ಆದರೆ ಆಮೇಲೆ ಮಾತಾಡಲು ಸಮಯ ಇಟ್ಟುಕೊಳ್ಳಿ. 'ದಿ ಅಪಾರ್ಟ್‌ಮೆಂಟ್' ಅನ್ನು ಬರೀ ಕಾಮಿಡಿ ಎಂದು ಬರೆದಿದ್ದೀರಿ, ಅದು ಸರಿಯಲ್ಲ. ನಡುವೆ ಆತ್ಮಹತ್ಯೆಯ ಪ್ರಯತ್ನ ಇದೆ. ಬರುವವರಿಗೆ ಮೊದಲೇ ಹೇಳಿ, ಸುಮ್ನೆ ಯಾರಿಗಾದರೂ ನೋವಾಗುವುದು ಬೇಡ. 'ಡಿವೋರ್ಸ್ ಇಟಾಲಿಯನ್ ಸ್ಟೈಲ್' (1961) ಹಾಕುವುದಾದರೆ ಎರಡು ಮಾತು ಮುನ್ನುಡಿ ಬೇಕು. ಆಗ ಇಟಲಿಯಲ್ಲಿ ವಿಚ್ಛೇದನವೇ ಇರಲಿಲ್ಲ, ಅದು ಬಂದದ್ದು 1970ರಲ್ಲಿ. ಮಾನದ ಹೆಸರಿನಲ್ಲಿ ಕೊಂದರೆ ದಂಡಸಂಹಿತೆಯ 587ನೇ ವಿಧಿಯಡಿ ಆಗ ಮೂರರಿಂದ ಏಳು ವರ್ಷ ಮಾತ್ರ ಶಿಕ್ಷೆಯಿತ್ತು. ಇದು ಗೊತ್ತಿಲ್ಲದಿದ್ದರೆ ನಾಯಕ ಮಾಸ್ಟ್ರೊಯಾನಿ ಯಾಕೆ ಹೆಂಡತಿಗೆ ಪ್ರಿಯಕರನನ್ನು ಹುಡುಕುತ್ತಿದ್ದಾನೆ ಅಂತಲೇ ಅರ್ಥವಾಗುವುದಿಲ್ಲ.

ಆದರೆ 'ಅನ್‌ಫೇತ್‌ಫುಲಿ ಯುವರ್ಸ್'ಗೆ (1948) ಮುನ್ನುಡಿ ಕೊಡಬೇಡಿ. ಹೆಂಡತಿಯ ಮೇಲೆ ಅನುಮಾನ ಹುಟ್ಟಿದ ರೆಕ್ಸ್ ಹ್ಯಾರಿಸನ್ ಆರ್ಕೆಸ್ಟ್ರಾ ನಡೆಸುತ್ತಲೇ ರೊಸ್ಸಿನಿ, ವಾಗ್ನರ್, ಚೈಕೊವ್‌ಸ್ಕಿ ಮೂವರ ಕೃತಿಗಳಲ್ಲೂ ಹೆಂಡತಿಗೆ ಏನು ಮಾಡಬೇಕು ಎಂದು ಮೂರು ರೀತಿ ಕಲ್ಪಿಸಿಕೊಳ್ಳುತ್ತಾನೆ. ಮನೆಗೆ ಬಂದು ಅದನ್ನು ನಿಜಕ್ಕೂ ಮಾಡಲು ಹೊರಟಾಗ ಕುರ್ಚಿಯೂ ಮಾತು ಕೇಳುವುದಿಲ್ಲ. ಆ ದೃಶ್ಯ ಉದ್ದ ಇದೆ, ತಡೆದುಕೊಳ್ಳಿ, ಮುಂದೆ ಓಡಿಸಬೇಡಿ.

ಡಿಸ್ಕ್ ಕೊಳ್ಳುವುದಾದರೆ ಕ್ರೈಟೀರಿಯನ್ ಕಂಪನಿಯದ್ದು. ದುಬಾರಿ, ಆದರೆ 'ಆಫುಲ್ ಟ್ರೂತ್' ಅವರದ್ದೇ ಬೇಕು. ಅಮೆರಿಕದ ಬ್ಲೂ-ರೇ ರೀಜನ್ ಎ, ಅಂದರೆ ಆ ಪ್ರದೇಶದ ಪ್ಲೇಯರ್‌ಗಳಿಗೆ ಮಾಡಿದ್ದು, ನಿಮ್ಮ ಪ್ಲೇಯರ್ ಓದುತ್ತದಾ ಮೊದಲು ಖಚಿತ ಮಾಡಿಕೊಳ್ಳಿ. ಟೀವಿಯಲ್ಲಿ ಸ್ಯಾಮ್‌ಸಂಗ್ ಆದರೆ ಆಟೋ ಮೋಷನ್ ಪ್ಲಸ್, ಎಲ್‌ಜಿ ಆದರೆ ಟ್ರೂಮೋಷನ್, ಸೋನಿ ಆದರೆ ಮೋಷನ್‌ಫ್ಲೋ, ಚಲನೆಯನ್ನು ನಯ ಮಾಡುವ ಈ ಸೆಟ್ಟಿಂಗ್ ಯಾವುದಿದ್ದರೂ ಆರಿಸಿ. ಅದು ಆನ್ ಇದ್ದರೆ ಹಳೆಯ ಚಿತ್ರ ಧಾರಾವಾಹಿಯ ಹಾಗೆ ಕಾಣುತ್ತದೆ. ಲ್ಯಾಪ್‌ಟಾಪ್‌ನಿಂದ ತೋರಿಸುವುದಾದರೆ ವಿಎಲ್‌ಸಿ ಪ್ಲೇಯರ್ ಸಾಕು, ಬೇರೇನೂ ಬೇಡ.

ಈ ಚಿತ್ರಗಳಲ್ಲಿ ಮಾತು ಬಹಳ ಜೋರಾಗಿ ಓಡುತ್ತದೆ. ಸಬ್‌ಟೈಟಲ್ ಅರ್ಧ ಸೆಕೆಂಡ್ ಮುಂದೆ ಬಂದರೂ ಜೋಕು ಮೊದಲೇ ಓದಿಬಿಡುತ್ತಾರೆ, ನಗು ಹಾಳು. ವಿಎಲ್‌ಸಿಯಲ್ಲಿ ಎಚ್ ಒತ್ತಿದರೆ ತಡ, ಜಿ ಒತ್ತಿದರೆ ಬೇಗ, ಒಂದೊಂದು ಒತ್ತಿಗೂ 50 ಮಿಲಿಸೆಕೆಂಡ್. ಶುಕ್ರವಾರ ರಾತ್ರಿಯೇ ಹಾಕಿ ಸರಿ ಮಾಡಿಟ್ಟುಕೊಳ್ಳಿ. ಎಲ್ಲರೂ ಬಂದು ಕೂತ ಮೇಲೆ ರಿಮೋಟ್ ಹಿಡಿದು ಮೆನು ಹುಡುಕಬೇಡಿ.